ನೀರಿಗೆ ಬಿಟ್ಟ ಒಂದೂವರೆ ಇಂಚು

ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಹದಿನೇಳು ವರ್ಷ ಕಟಿಂಗ್ ಟೇಬಲ್ಲಿನ ಸುತ್ತ ನಿಂತೇ ಕೆಲಸ ಮಾಡಿದವಳಿಗೆ ಕುರ್ಚಿ ಒಗ್ಗುವುದಿಲ್ಲ ಎಂದು ನಾನು ಹೇಳಿಕೊಳ್ಳುತ್ತೇನೆ. ನೀನು ತೊಟ್ಟಿಲಲ್ಲೇ ಎದ್ದು ನಿಂತಿದ್ದಿರಬೇಕು ಎನ್ನುತ್ತಾರೆ ನನ್ನ ಗಂಡ. ಅವರು ಆಂಧ್ರದ ಸರ್ಕಾರಿ ಬಸ್ಸಿನ ಡ್ರೈವರ್. ದಿನವಿಡೀ ಕೂತುಕೊಂಡೇ ಊರೂರು ತಿರುಗುವ ಅದೃಷ್ಟ ಅವರದು. ಮೂರು ವರ್ಷದ ಹಿಂದೆ ಅವರಿಗೆ ರಾಯದುರ್ಗದಿಂದ ಮಡಕಶಿರಾಕ್ಕೆ ವರ್ಗವಾಯಿತು. ಅಲ್ಲಿಯವರೆಗೆ ನಾವು ರಾಯದುರ್ಗದಲ್ಲಿ ನನ್ನ ಅಣ್ಣನ ಮನೆಯ ಮಹಡಿಯ ಮೇಲಿದ್ದೆವು. ಕೆಳಗೆ ಅಣ್ಣ, ಅತ್ತಿಗೆ. ಬೀದಿಗೆ ತೆರೆದ ಉದ್ದನೆಯ ಹಜಾರದಲ್ಲಿ ಅಣ್ಣನ ಜೀನ್ಸ್ ಕಟಿಂಗ್ ಯೂನಿಟ್.

ರಾಯದುರ್ಗದಲ್ಲಿ ಅಂಥ ಯೂನಿಟ್ಟು ಓಣಿಗೆರಡಿವೆ. ಬಟ್ಟೆಯ ತಾನುಗಳು ಲಾರಿಯಲ್ಲಿ ಬರುತ್ತವೆ. ಅವನ್ನು ಟೇಬಲ್ಲಿನ ಮೇಲೆ ಪದರ ಪದರವಾಗಿ ಹಾಸಿ, ಮೇಲಿನ ಪದರಕ್ಕೆ ಚಾಕ್‌ಪೀಸಿನಿಂದ ಗೆರೆ ಎಳೆದು, ಮಿಷನ್ನಿನಿಂದ ಒಮ್ಮೆಗೇ ಕತ್ತರಿಸುತ್ತೇವೆ. ತುಂಡುಗಳು ಹೊಲಿಯುವವರ ಮನೆಗಳಿಗೆ ಹೋಗುತ್ತವೆ. ಹೊಲಿದ ಪ್ಯಾಂಟು ಬಳ್ಳಾರಿಗೆ ಹೋಗಿ ಒಗೆಸಿಕೊಂಡು, ಬಣ್ಣ ಕಳೆದುಕೊಂಡು, ಅಂಗಡಿಗೆ ತಕ್ಕ ಹಾಗೆ ಆಗುತ್ತದೆ. ನಮ್ಮ ಯೂನಿಟ್ಟಿನ ಬೋರ್ಡಿನ ಮೇಲೆ ‘ಮಾಸ್ಟರ್’ ಎಂದು ಅಣ್ಣನ ಹೆಸರಿತ್ತು. ಚಾಕ್‌ಪೀಸು, ಟೇಪು, ಮಿಷನ್ನು ನನ್ನ ಕೈಯಲ್ಲಿದ್ದವು. ಬಂದವರು ಮಾಸ್ಟರೆಲ್ಲಿ ಎಂದು ಕೇಳಿದರೆ ನಾನೇ ಅಣ್ಣನನ್ನು ಕೂಗಿ ಕರೆಯುತ್ತಿದ್ದೆ. ಆಗ ಅದು ನನಗೆ ಅಷ್ಟೇನೂ ಚುಚ್ಚುತ್ತಿರಲಿಲ್ಲ, ಕೆಲಸ ಕೈತುಂಬ ಇತ್ತು.

ಮಡಕಶಿರಾಕ್ಕೆ ಬಂದ ಮೇಲೆ ಕೈ ಖಾಲಿಯಾಯಿತು. ಬೆಳಿಗ್ಗೆ ಎಂಟಕ್ಕೆ ಮನೆಗೆಲಸ ಮುಗಿದರೆ ಆಮೇಲೆ ನಾನು ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ. ಎರಡು ತಿಂಗಳು ಹೀಗೆ ಓಡಾಡಿದ ಮೇಲೆ ಹೆಂಗಸರಿಗೆ ಹೊಲಿಗೆ ಕಲಿಸುವ ಒಂದು ಕೇಂದ್ರದಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ನಾನು ‘ಬರ್ರಿ, ಕೂಡ್ರಿ, ದಾರ ಪೋಣಿಸ್ರಿ’ ಎಂದು ರಾಯದುರ್ಗದ ಮಾತಿನಲ್ಲಿ ಅಂದರೆ ಅಲ್ಲಿನ ಹುಡುಗಿಯರು ಮುಸಿಮುಸಿ ನಗುತ್ತಿದ್ದರು. ನಗಲಿ ಬಿಡಿ. ಆರು ತಿಂಗಳಲ್ಲಿ ಅವರಲ್ಲಿ ನಾಲ್ಕು ಜನ ಪ್ಯಾಂಟು ಕತ್ತರಿಸಿ ಹೊಲಿಯುವಷ್ಟಾದರು. ನನಗೆ ಕಲಿಸಲು ಬರುತ್ತದೆ ಎಂದು ನಲವತ್ತನೆಯ ವಯಸ್ಸಿನಲ್ಲಿ ಗೊತ್ತಾಯಿತು. ಆ ಕೆಲಸ ಬಿಟ್ಟುಕೊಡಲು ನಾನು ಸುತಾರಾಂ ತಯಾರಿರಲಿಲ್ಲ.

ಬಿಟ್ಟುಕೊಡುವ ಕಾಲ ಮಾತ್ರ ಬಂತು. ಕಲಿಸುವವರಿಗೆ ಎರಡು ವರ್ಷದೊಳಗೆ ಉಡುಪು ತಯಾರಿಕೆಯ ಡಿಪ್ಲೊಮಾ ಇರಬೇಕು, ಇಲ್ಲವಾದರೆ ಆ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳಲಾಗುತ್ತದೆ ಎಂದು ಮೇಲಿನಿಂದ ಆದೇಶ. ನನ್ನ ಹತ್ತಿರ ಇದ್ದದ್ದು ಇಂಟರ್, ಅಂದರೆ ಹನ್ನೆರಡನೆಯ ತರಗತಿ, ಪಾಸಾದ ಒಂದು ಕಾಗದ. ಊರಿನ ಕಾಲೇಜೊಂದರಲ್ಲಿ ಆ ಡಿಪ್ಲೊಮಾ ಇತ್ತು, ಸೇರಲು ಇಂಟರ್ ಪಾಸಾಗಿರಬೇಕು, ಶನಿವಾರ ಭಾನುವಾರ ಪಾಠ, ಆದರೆ ಅದು ಮೂರು ವರ್ಷದ್ದು. ಗಡುವು ಎರಡು, ಓದು ಮೂರು. ಆ ಒಂದು ವರ್ಷವನ್ನು ಎಲ್ಲಿಂದ ತರುವುದು ಎಂದು ಕಾಲೇಜಿನ ಕಚೇರಿಯಲ್ಲಿ ನಿಂತು ಜಗಳವಾಡುವ ದನಿಯಲ್ಲೇ ಕೇಳಿದೆ. ಅಲ್ಲಿದ್ದ ಗುಮಾಸ್ತರು ಕನ್ನಡಕದ ಮೇಲಿನಿಂದ ನೋಡಿ, ಒಂದು ದಾರಿ ಇದೆ ಎಂದರು.

ದಾರಿ ಇದು. ಕೆಲಸದಲ್ಲಿ ಮೊದಲೇ ಕಲಿತದ್ದನ್ನು ತೋರಿಸಿ ಸಾಬೀತು ಮಾಡಿದರೆ ಕಾಲೇಜು ಅದಕ್ಕೆ ಕ್ರೆಡಿಟ್ ಕೊಡುತ್ತದೆ, ಅಂದರೆ ಆ ಪೇಪರು ಪಾಸಾದಂತೆಯೇ ಲೆಕ್ಕ. ಮೊದಲ ವರ್ಷಕ್ಕೆ ನಾಲ್ಕು ಪೇಪರು: ಅಳತೆ, ಕಟಿಂಗ್, ಹೊಲಿಗೆ, ಬಟ್ಟೆಯ ಗುಣ. ನಾಲ್ಕಕ್ಕೂ ಕ್ರೆಡಿಟ್ ಬಂದರೆ ನೇರವಾಗಿ ಎರಡನೆಯ ವರ್ಷಕ್ಕೆ ಸೇರಬಹುದು. ಒಂದು ತಪ್ಪಿದರೂ ಮೊದಲ ವರ್ಷದ ಬೆಂಚಿಗೇ. ಇದಕ್ಕೆ ಒಂದು ಅರ್ಜಿ, ದುಡಿದ ಕಡೆಯಿಂದ ಅನುಭವದ ಪತ್ರ, ಆಮೇಲೆ ಕಾಲೇಜಿನಲ್ಲಿ ಒಂದು ದಿನದ ಪರೀಕ್ಷೆ.

ಅರ್ಜಿಯನ್ನು ಹೊಲಿಗೆ ಮಿಷನ್ನಿನ ಮೇಲಿಟ್ಟುಕೊಂಡು ನಿಂತೇ ತುಂಬಿದೆ. ಪ್ರತಿ ಪೇಪರಿಗೂ ಒಂದು ಪ್ರಶ್ನೆ: ಇದನ್ನು ಯಾರಿಂದ ಕಲಿತಿರಿ? ಅಳತೆ ಮತ್ತು ಹೊಲಿಗೆ ಟೈಲರಾಗಿದ್ದ ಅಪ್ಪನಿಂದ, ಕಟಿಂಗ್ ಅಣ್ಣನನ್ನು ನೋಡಿ ಎಂದು ಬರೆದೆ. ಬಟ್ಟೆಯ ಗುಣದ ಮುಂದೆ ‘ಸ್ವಂತ ಅನುಭವ’ ಎಂದು ಬರೆದೆ. ಬರೆಯುವಾಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಪತ್ರಕ್ಕಾಗಿ ರಾಯದುರ್ಗದ ಬಸ್ಸು ಹತ್ತಿದೆ. ಹೆಂಗಸರಿಗೆ ಈಗ ಬಸ್ಸು ಪುಕ್ಕಟೆ. ಆಧಾರ್ ಕಾರ್ಡ್ ತೋರಿಸಿದರೆ ಸೊನ್ನೆ ಟಿಕೆಟ್ಟು. ಕಲ್ಯಾಣದುರ್ಗದಲ್ಲಿ ಇಳಿದು ಇನ್ನೊಂದು ಬಸ್ಸಿಗೆ ಕಾಯುವಾಗ ಅಣ್ಣನಿಗೆ ಹೇಳಬೇಕಾದ್ದನ್ನೆಲ್ಲ ಬಾಯಲ್ಲೇ ಹೇಳಿಕೊಳ್ಳುತ್ತ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಎಂಟು ಸಲ ನಡೆದೆ. ಕಡಲೆಕಾಯಿ ಮಾರುವವಳು ಏನಮ್ಮಾ ಯಾರಾದರೂ ತಪ್ಪಿಸಿಕೊಂಡರಾ ಎಂದು ತೆಲುಗಿನಲ್ಲಿ ಕೇಳಿದಳು.

ಮನೆಗೆ ಹೋದಾಗ ಅತ್ತಿಗೆ ಹಿತ್ತಲಲ್ಲಿ ಬಟ್ಟೆ ಕುದಿಸುತ್ತಿದ್ದಳು. ಆ ಮನೆಯಲ್ಲಿ ನೀರಿನ ಕೆಲಸ ಅತ್ತಿಗೆಯದು. ಹೊಸ ತಾನು ಬಂದರೆ ಅದರಿಂದ ಒಂದು ಮೊಳದ ತುಂಡು ಹರಿದು, ಅಳತೆಯ ನಾಲ್ಕು ಗುರುತನ್ನು ಕೆಂಪು ದಾರದಲ್ಲಿ ಹಾಕುತ್ತಾಳೆ, ಚಾಕ್‌ಪೀಸಿನ ಗುರುತು ನೀರಿಗೆ ಹೋಗಿಬಿಡುತ್ತದಲ್ಲ. ಅದನ್ನು ಸೋಡಾ ಹಾಕಿ ಕುದಿಸಿ, ಕಲ್ಲಿಗೆ ಉಜ್ಜಿ, ಒಣಗಿಸಿ, ಗುರುತಿನಿಂದ ಗುರುತಿಗೆ ಬೆರಳಿಟ್ಟು ನೋಡಿ, ‘ಉದ್ದಕ್ಕ ಎರಡು ಬೆರಳು ಗಿಡ್ಡಾಗ್ತದ, ಅಡ್ಡಕ್ಕ ಒಂದು’ ಎಂದು ಒಳಗೆ ಕೂಗಿ ಹೇಳುತ್ತಾಳೆ. ನಾನು ಆ ಮಾತಿನ ಮೇಲೆ ಗೆರೆ ಎಳೆಯುತ್ತಿದ್ದೆ. ಹದಿನೇಳು ವರ್ಷದಲ್ಲಿ ಬಳ್ಳಾರಿಯಿಂದ ನಮ್ಮ ಪ್ಯಾಂಟು ಗಿಡ್ಡವಾಯಿತೆಂದು ವಾಪಸ್ಸು ಬಂದದ್ದಿಲ್ಲ.

ಅಣ್ಣ ಅರ್ಜಿಯನ್ನು ನೋಡಿ, ಎಲ್ಲದಕ್ಕೂ ಹೇಳುವಂತೆ, ‘ಚೂದ್ದಾಂ’ ಎಂದ. ನೋಡೋಣ ಎಂದರೆ ಅವನ ಬಾಯಲ್ಲಿ ಇಲ್ಲ ಎಂದೇ ಅರ್ಥ. ನಾನು ಅಲ್ಲಿಂದ ಕದಲಲಿಲ್ಲ.

“ಹೆಲ್ಪರ್ ಅಂತ ಬರದು ಕೊಡ್ತೀನಿ, ಸಾಲದೇನು? ಹೆಲ್ಪರ್ ಆದ್ರೂ ಅನುಭವ ಅನುಭವಾನೇ ಅಲ್ಲೇನು?”

“ಹದಿನೇಳು ವರ್ಷ ನಾ ಹೆಲ್ಪ್ ಮಾಡಿದ್ದು ಯಾರಿಗಣ್ಣ? ಮೊದಲ ನಾಕು ದಿನ ತೋರ್ಸಿದ್ದು ಬಿಟ್ರ ಆ ಟೇಬಲ್ ಹತ್ರ ನೀ ನಿಂತಿದ್ದು ಯಾವಾಗ?”

“ಮತ್ತ ಆರ್ಡರ್ ತಂದಾವ ಯಾರು? ಮಾಸ್ಟರ್ ನಾನಲ್ಲ ಅಂತ ನನ್ನ ಲೆಟರ್ ಪ್ಯಾಡಿನಾಗ ನಾನೇ ಬರ್ಕೊಡ್ಲೇನು? ಬಳ್ಳಾರಿ ಮಂದಿ ನೋಡಿದ್ರ ಏನಂತಾರ?”

ನಾನು ಬಾಯಿ ತೆರೆಯುವ ಮೊದಲೇ ಹಿತ್ತಲ ಬಾಗಿಲಿನಿಂದ ಅತ್ತಿಗೆಯ ದನಿ ಬಂತು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಅಲ್ಲಿ ನಿಂತಿದ್ದಳು.

“ಕಾಲೇಜಿನವ್ರು ನೋಡೋ ಕಾಗದ ಬಳ್ಳಾರಿಯವ್ರು ಯಾಕ ನೋಡ್ತಾರ್ರಿ? ಕತ್ರಿ ಹಿಡದಾಕಿ ಆಕಿ. ನೀವು ಹಿಡದಿದ್ದು ಫೋನು. ಇದ್ದದ್ದು ಇದ್ದಂಗ ಬರೀರಿ ಸುಮ್ನ.”

ಅಣ್ಣ ಅವಳನ್ನು ನೋಡಿದ, ನನ್ನನ್ನು ನೋಡಿದ, ಫೋನನ್ನು ಮಗುಚಿ ಇಟ್ಟ. ಆಮೇಲೆ ಲೆಟರ್ ಪ್ಯಾಡು ತೆಗೆದು, ಇವರು ನಮ್ಮಲ್ಲಿ ಹದಿನೇಳು ವರ್ಷ ಸ್ವತಂತ್ರವಾಗಿ ಕಟಿಂಗ್ ಮಾಸ್ಟರ್ ಕೆಲಸ ಮಾಡಿದ್ದಾರೆ ಎಂದು ಬರೆದು, ಸೀಲನ್ನು ಎರಡು ಸಲ ಗುದ್ದಿದ. ಅಕ್ಷರಗಳು ಕೋಪದಿಂದ ವಾಲಿದ್ದವು, ಆದರೆ ಓದಲು ಬರುತ್ತಿದ್ದವು. ನನಗೆ ಕುಣಿಯುವಷ್ಟು ಖುಷಿಯಾಯಿತು. ಒಂದು ತುತ್ತು ಉಂಡು ಹೋಗವ್ವಾ ಎಂದು ಅತ್ತಿಗೆ ಕರೆದಳು. ಬಸ್ಸು ತಪ್ಪುತ್ತದೆಂದು ಓಡಿದೆ. ಅವಳಿಗೆ ಒಂದು ಒಳ್ಳೆಯ ಮಾತು ಹೇಳಿದೆನೋ ಇಲ್ಲವೋ, ಈಗ ಎಷ್ಟು ನೆನೆಸಿಕೊಂಡರೂ ನೆನಪಾಗುವುದಿಲ್ಲ.

ಪರೀಕ್ಷೆಯ ದಿನ ಒಂಬತ್ತಕ್ಕೆ ಹೇಳಿದ್ದರು. ನಾನು ಎಂಟಕ್ಕೇ ಕಾಲೇಜಿನ ಗೇಟು ಅಲ್ಲಾಡಿಸಿದೆ. ಪರೀಕ್ಷೆ ಮಾಡಿದವಳು ಹತ್ತಿರದ ಹೇಮಾವತಿ ಊರಿನ ಕಡೆಯ ಹುಡುಗಿ, ನನಗಿಂತ ಹತ್ತು ವರ್ಷವಾದರೂ ಚಿಕ್ಕವಳು, ಅಲ್ಲಿನ ಲೆಕ್ಚರರ್. ಸ್ಕೂಟಿ ನಿಲ್ಲಿಸಿ, ನಗುತ್ತ ಬಂದು, ಜೀನ್ಸಿನ ಬಟ್ಟೆಯ ತುಂಡೊಂದನ್ನು ಟೇಬಲ್ಲಿನ ಮೇಲಿಟ್ಟಳು. ಸೊಂಟ ಮೂವತ್ತೆರಡು, ಉದ್ದ ನಲವತ್ತು, ಪ್ಯಾಂಟು ಕತ್ತರಿಸಿ ಹೊಲಿದು ಕೊಡಿ ಎಂದಳು. ನಾನು ಬಾಟಲಿಯ ನೀರಿನಿಂದ ಬಟ್ಟೆಯ ಒಂದು ಮೂಲೆ ಒದ್ದೆ ಮಾಡಿ, ಎರಡು ಬೆರಳಲ್ಲಿ ಉಜ್ಜಿ, ಗಂಜಿ ಎಷ್ಟು ಬಿಡುತ್ತದೆಂದು ನೋಡಿ, ಗೆರೆ ಎಳೆಯಲು ಶುರುಮಾಡಿದೆ. ಆಕೆ ಏನೋ ಬರೆದುಕೊಂಡಳು. ಹನ್ನೊಂದೂವರೆಗೆ ಪ್ಯಾಂಟು ಸಿದ್ಧವಾಯಿತು. ಹೊಲಿಗೆಯನ್ನು ಒಳಗೆ ಹೊರಗೆ ತಿರುಗಿಸಿ ನೋಡಿ ಚೆನ್ನಾಗಿದೆ ಎಂದಳು. ಆಮೇಲೆ ಟೇಪು ಹಿಡಿದಳು, ಮುಖದ ನಗು ಹೋಯಿತು.

“ಅಳತೆ ಜಾಸ್ತಿ ಐತಲ್ಲಮ್ಮ. ಸೊಂಟ ಒಂದಿಂಚು, ಉದ್ದ ಒಂದೂವರೆ.”

“ಅದು ನೀರಿಗೆ ಬಿಟ್ಟಿದ್ದು, ಮೇಡಂ. ಒಗದ್ರ ಗಿಡ್ಡಾಗ್ತದಲ್ಲ.”

“ನೀರಿಗೆ ಬಿಡಿ ಅಂತ ನಾನು ಹೇಳಿದ್ನಾ? ನಾನು ಹೇಳಿದ್ದು ನಲವತ್ತು.”

ಆಗ ನನಗೆ ಅರ್ಥವಾಯಿತು. ರಾಯದುರ್ಗದಲ್ಲಿ ನಲವತ್ತು ಎಂದರೆ ಬಳ್ಳಾರಿಯಿಂದ ಬಂದ ಮೇಲಿನ ನಲವತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಇದು ಒಗೆಯುವ ಬಟ್ಟೆಯೋ ಅಲ್ಲವೋ ಎಂದು ನಾನೊಂದು ಮಾತು ಕೇಳಬೇಕಿತ್ತು. ಕೇಳುವುದು ಹೊಳೆಯಲೇ ಇಲ್ಲ. ಆಕೆ ಹಾಳೆಯ ಮೇಲೆ ‘ಅಳತೆ’ ಎಂಬ ಸಾಲಿನ ಹತ್ತಿರ ಪೆನ್ನಿಟ್ಟಿದ್ದಳು. ಅಲ್ಲೊಂದು ಗೀಟು ಬಿದ್ದರೆ ಒಂದು ಪೇಪರ್ ಹೋಯಿತು, ಪೇಪರ್ ಹೋದರೆ ವರ್ಷ ಹೋಯಿತು, ವರ್ಷ ಹೋದರೆ ನನ್ನ ಕೆಲಸ ಇನ್ಯಾರದೋ. ನನ್ನ ಸಿಟ್ಟು ನೆತ್ತಿಗೇರಿತು.

“ಒಗೀದ ಪ್ಯಾಂಟು ಯಾರು ಹಾಕ್ಕೊಂತಾರ್ರಿ? ನೀವು ಹಾಕ್ಕೊಂತೀರೇನು? ಈಗಲೇ ಒಗದು ನೋಡ್ರಿ. ನಲವತ್ತಕ್ಕ ಬರಲಿಲ್ಲಂದ್ರ ನನ್ನ ಫಾರಂ ನಾನೇ ಹರದು ಹೋಗ್ತೀನಿ!”

ಅಂದ ಮೇಲೆ ನನಗೇ ಹೆದರಿಕೆಯಾಯಿತು. ಲೆಕ್ಚರರ್ ಪೆನ್ನಿನ ಮುಚ್ಚಳ ಹಾಕಿದಳು.

“ಹಾಸ್ಟೆಲ್ ಅಡಿಗೆಮನೇಲಿ ದೊಡ್ಡ ಪಾತ್ರೆ ಐತೆ. ನಡೀರಿ, ನೋಡೇಬಿಡಾಣ” ಎಂದಳು.

ಅನ್ನ ಬೇಯಿಸುವ ಪಾತ್ರೆಯಲ್ಲಿ ಪ್ಯಾಂಟು ಕುದಿಯಿತು. ಅಡಿಗೆಯವಳು ನಮ್ಮಿಬ್ಬರನ್ನೂ ಹುಚ್ಚರನ್ನು ನೋಡುವ ಹಾಗೆ ನೋಡಿದಳು. ಹಿಂಡಿ, ತಾರಸಿಗೆ ಒಯ್ದು, ತಂತಿಯ ಮೇಲೆ ಸೊಂಟಕ್ಕೆ ಕ್ಲಿಪ್ಪು ಹಾಕಿ ನೇತುಹಾಕಿದೆ. ಲೆಕ್ಚರರ್ ಪಾಠಕ್ಕೆ ಹೋದಳು. ಉರಿಬಿಸಿಲು. ನಾನು ತಾರಸಿಯ ಆ ಗೋಡೆಯಿಂದ ಈ ಗೋಡೆಗೆ ನಡೆಯತೊಡಗಿದೆ. ಪ್ರತಿ ಸುತ್ತಿಗೂ ಪ್ಯಾಂಟಿನ ಕಾಲು ಮುಟ್ಟಿ ನೋಡುತ್ತಿದ್ದೆ. ಈ ಬಟ್ಟೆಯನ್ನು ಯಾರೂ ಮೊದಲು ಕುದಿಸಿ ನೋಡಿರಲಿಲ್ಲ. ಒಂದು ಮೂಲೆಯನ್ನು ಉಜ್ಜಿದ್ದು ಬಿಟ್ಟರೆ ನನ್ನ ಒಂದೂವರೆ ಇಂಚಿಗೆ ಯಾವ ಆಧಾರವೂ ಇರಲಿಲ್ಲ. ಟೇಪು ಹಿಡಿದೆ. ಒದ್ದೆಯಲ್ಲಿ ನಲವತ್ತೊಂದು. ಮತ್ತೆ ಎರಡು ಸುತ್ತು ನಡೆದು ಹಿಡಿದೆ, ಆಗಲೂ ನಲವತ್ತೊಂದು. ಅತ್ತಿಗೆಗೆ ಫೋನು ಮಾಡಿದೆ.

ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು: “ಹೆಂಗ ಹಾಕಿದಿ? ತಂತಿಗೆ ಜೋತು ಹಾಕಿದಿ ಏನು?”

“ಹೂಂ.”

“ಏ ಹುಚ್ಚಿ! ನೀರಿನ ಭಾರಕ್ಕ ಉದ್ದ ಜಗ್ಗ್ತದಲ್ಲ! ಮೊದಲು ತೆಗಿ ಅದನ್ನ. ನೆಲಕ್ಕ ಹಾಸು. ಕಾಲು ಎರಡೂ ಕೈಯಿಂದ ಮ್ಯಾಲಕ ನೂಕ್ಕೊಂತ ತಟ್ಟು, ಜಗ್ಗಬ್ಯಾಡ. ಪೂರ್ತಿ ಒಣಗೋ ತನಕ ಟೇಪ್ ಮುಟ್ಟಬ್ಯಾಡ. ಒಂದ್ಕಡಿ ಕುಂದ್ರು, ತಿರಗಬ್ಯಾಡ.”

ಕೂರುವುದೊಂದು ಬಿಟ್ಟು ಉಳಿದದ್ದೆಲ್ಲ ಅವಳು ಹೇಳಿದಂತೆ ಮಾಡಿದೆ. ತಾರಸಿಯ ನೆಲ ಕಾದ ಹೆಂಚಾಗಿತ್ತು. ಮಧ್ಯಾಹ್ನ ಎರಡೂವರೆಗೆ ಲೆಕ್ಚರರ್ ಮೇಲೆ ಬಂದು ತಾನೇ ಟೇಪು ಹಿಡಿದಳು. ಸೊಂಟ ಮೂವತ್ತೆರಡಕ್ಕೆ ಒಂದು ನೂಲು ಹೆಚ್ಚು. ಉದ್ದ ಸರಿಯಾಗಿ ನಲವತ್ತು. ಅವಳು ಮಂಡಿಯೂರಿ ಇನ್ನೊಮ್ಮೆ ಅಳೆದಳು. ನಾನು ಟೇಪಿನ ಇನ್ನೊಂದು ತುದಿ ಹಿಡಿದುಕೊಟ್ಟೆ.

“ಬೆಳಿಗ್ಗೆ ಒಂದು ಮೂಲೆ ಒದ್ದೆ ಮಾಡಿ ಉಜ್ಜಿದ್ರಲ್ಲ, ಅವಾಗ್ಲೇ ಬರ್ಕೊಂಡೆ. ನಿಜ ಹೇಳ್ಬೇಕಂದ್ರೆ ನಿಮ್ಮ ಫೈಲಿನಾಗೆ ಬಟ್ಟೆ ಗುಣದ ಪೇಪರಿಗೆ ಪುರಾವೆ ಏನೂ ಇರ್ಲಿಲ್ಲ. ಅದು ಕೊಡಾಕಾಗಲ್ಲ ಅನ್ಕೊಂಡಿದ್ದೆ. ಈಗ ಕೊಡ್ತೀನಿ” ಎಂದು ಹಾಳೆ ತಿರುಗಿಸಿ ಕೇಳಿದಳು: “ಸ್ವಂತ ಅನುಭವ ಅಂತ ಬರ್ದಿದ್ದೀರ. ಯಾರೂ ಹೇಳ್ಕೊಟ್ಟಿಲ್ವ?”

ನನ್ನ ಫೋನು ಇನ್ನೂ ಕೈಯಲ್ಲೇ ಇತ್ತು. ಕೊನೆಯ ಕರೆ ಅತ್ತಿಗೆಯದು. ಬೇರೆಯವರ ವಿದ್ಯೆ ಎಂದರೆ ಆ ಪೇಪರು ಹೋಗಿಬಿಡುತ್ತದೆ ಎಂದು ಹೆದರಿದೆ. ಹೇಳಿದ್ದರೂ ಕ್ರೆಡಿಟ್ ಕೊಡುತ್ತಿದ್ದಳೇನೋ, ಉಳಿದ ಮೂರಕ್ಕೆ ಅಪ್ಪನ, ಅಣ್ಣನ ಹೆಸರು ಬರೆದಿದ್ದೆನಲ್ಲ. ಅದನ್ನು ಯೋಚಿಸಲೂ ಇಲ್ಲ. ಅರ್ಜಿ ತುಂಬುವಾಗ ಅಪ್ಪ ನೆನಪಾದ, ಅಣ್ಣ ನೆನಪಾದ. ಬಟ್ಟೆ ಕುದಿಸುವ ಹೆಂಗಸು ನೆನಪಾಗಲಿಲ್ಲ. ತಾರಸಿಯ ಮೇಲೆ ನೆನಪಿದ್ದೂ ಹೇಳಲಿಲ್ಲ.

“ಇಲ್ಲ ಮೇಡಂ. ಮಾಡ್ತಾ ಮಾಡ್ತಾ ನಾನೇ ಕಲ್ತೆ” ಎಂದೆ.

ಇಪ್ಪತ್ತು ದಿನಕ್ಕೆ ಕಾಗದ ಬಂತು, ನಾಲ್ಕಕ್ಕೂ ಕ್ರೆಡಿಟ್. ಎರಡನೆಯ ವರ್ಷಕ್ಕೆ ಫೀಸು ಕಟ್ಟಿ ಸೇರಿದೆ. ಕೇಂದ್ರದ ಹುಡುಗಿಯರು ಲಾಡು ಹಂಚಿದರು, ಗಂಡ ಬಸ್ಸಿನಲ್ಲೆಲ್ಲ ಹೇಳಿಕೊಂಡು ಬಂದರು. ನನಗೆ ಮಾತ್ರ ಸಮಾಧಾನವಿಲ್ಲ. ಊಟಕ್ಕೆ ಕೂತರೆ ಏಳಬೇಕೆನಿಸುತ್ತಿತ್ತು, ಎದ್ದರೆ ಎಲ್ಲಿಗೆಂದು ತಿಳಿಯುತ್ತಿರಲಿಲ್ಲ. ಅಣ್ಣ ನನ್ನನ್ನು ಹೆಲ್ಪರ್ ಎಂದಾಗ ಬೆಂಕಿಯಾಗಿದ್ದವಳು ನಾನು. ಅತ್ತಿಗೆಗೆ ನಾನು ಹೆಲ್ಪರ್ ಎಂಬ ಹೆಸರನ್ನೂ ಕೊಟ್ಟಿರಲಿಲ್ಲ. ಕಾಲೇಜಿಗೆ ಹೋಗಿ ನಿಜ ಹೇಳುವ ಧೈರ್ಯ ನನಗಿರಲಿಲ್ಲ, ಈಗಲೂ ಇಲ್ಲ. ಅತ್ತಿಗೆಗಾದರೂ ಹೇಳೋಣವೆಂದು ಒಂದು ಸೋಮವಾರ ಮತ್ತೆ ರಾಯದುರ್ಗಕ್ಕೆ ಹೋದೆ.

ಅಣ್ಣ ಕಾಗದವನ್ನು ಎರಡು ಸಲ ಓದಿ, ಯಾರಿಗೋ ಫೋನಿನಲ್ಲಿ “ನಮ್ ತಂಗಿ, ಕಾಲೇಜು” ಎಂದು ಹೇಳುತ್ತ ಬೀದಿಗೆ ಹೋದ. ನಾನು ಹಿತ್ತಲಿಗೆ ಹೋದೆ. ಅತ್ತಿಗೆ ಹೊಸ ತಾನಿನ ತುಂಡನ್ನು ಕೋಲಿನಿಂದ ಪಾತ್ರೆಯಲ್ಲಿ ತಿರುವುತ್ತಿದ್ದಳು. ನಾನು ನಿಂತೇ ಹೇಳಿದೆ.

“ಅತ್ತಿಗಿ, ಬಟ್ಟಿ ಪೇಪರಿಗೆ ಯಾರಿಂದ ಕಲ್ತಿ ಅಂತ ಕೇಳಿದ್ರು. ನಾನೇ ಕಲ್ತೆ ಅಂತ ಬರದೆ. ಮೇಡಂ ಬಾಯಿಬಿಟ್ಟು ಕೇಳಿದ್ರು, ಆಗೂ ಹಂಗ ಹೇಳ್ದೆ. ನಿನ್ನ ಹೆಸರು ಹೇಳಲಿಲ್ಲ.”

ಅವಳು ಕೋಲು ನಿಲ್ಲಿಸಲಿಲ್ಲ. ಹೊಗೆಗೆ ಕಣ್ಣು ಕಿರಿದು ಮಾಡಿ ನಕ್ಕಳು.

“ಅಷ್ಟಕ್ಕ ಅಲ್ಲಿಂದ ಇಲ್ಲೀತನಕ ಬಂದಿ ಏನು? ಬಿಡು. ನನ್ನ ಹೆಸರು ಬರದಿದ್ರ ನನ್ನೇನು ಕಾಲೇಜಿಗೆ ಕರೀತಿದ್ರೇನು?”

ನಾನೂ ನಕ್ಕೆ. ಎಷ್ಟೋ ದಿನದ ಮೇಲೆ ಸಮಾಧಾನವಾಗಿ ಅಲ್ಲೇ ಕಲ್ಲಿನ ಮೇಲೆ ಕೂತೆ. ಅವಳು ಬಟ್ಟೆಯನ್ನು ತೆಗೆದು, ಹಿಂಡಿ, ಬಿಸಿಲಿಗೆ ಹಾಸಿ, ನಾಲ್ಕು ಮೂಲೆ ತಟ್ಟಿದಳು. ಕೈ ಅಲ್ಲೇ ಬಟ್ಟೆಯ ಮೇಲೆ ನಿಂತಿತು. ನನ್ನ ಕಡೆ ತಿರುಗದೆ ಕೇಳಿದಳು:

“ಕರೀತಾರೇನವ್ವಾ?”

ಇಂಟರ್ ಪಾಸಾಗಿರಬೇಕು ಎಂಬ ನಿಯಮ ನನ್ನ ಬಾಯಿಯವರೆಗೆ ಬಂದು ನಿಂತಿತು. ಅತ್ತಿಗೆ ಎಷ್ಟು ಓದಿದ್ದಾಳೆ? ಹತ್ತನೆಯದೋ, ಏಳನೆಯದೋ, ಶಾಲೆಗೇ ಹೋಗಿಲ್ಲವೋ. ಹದಿನೇಳು ವರ್ಷ ಒಂದೇ ಮನೆಯಲ್ಲಿದ್ದು ನಾನು ಒಂದು ದಿನವೂ ಕೇಳಿರಲಿಲ್ಲ.